ಜಗತ್ತಿನ ರಹದಾರಿ ರೋಣಕ್ಕೆ ಬಂದದ್ದು

ಜಗತ್ತಿನ ನಾಗರಿಕನನ್ನು ನಮ್ಮ ಕಚೇರಿಗೆ ತಂದದ್ದು ಹತ್ತಿಯ ಅಂಡಿಗೆಗಳ ಮೇಲೆ ಕೂರಿಸಿಕೊಂಡು. ನರಗುಂದದಿಂದ ರೋಣಕ್ಕೆ ಬರುವ ಲಾರಿಯ ಮುಂಭಾಗದಲ್ಲಿ ಜಾಗವಿರಲಿಲ್ಲ. ಡ್ರೈವರನ ಪಕ್ಕದಲ್ಲಿ ಪೊಲೀಸಪ್ಪ ಕೂತಿದ್ದ, ಪೊಲೀಸಪ್ಪನ ಪಕ್ಕದಲ್ಲಿ ಅವನ ಲಾಠಿ ಕೂತಿತ್ತು. ಹೀಗಾಗಿ ಪರದೇಶಿ ಮೇಲೆ. ಇಳಿದಾಗ ಅವನ ತಲೆ, ಗಡ್ಡ, ಹುಬ್ಬಿಗೆಲ್ಲ ಅರಳೆ ಅಂಟಿಕೊಂಡು, ಗಾದಿ ಹೊಲಿಯಲು ತಂದ ಸಾಮಾನಿನಂತೆ ಕಾಣುತ್ತಿದ್ದ. ನೋಡಲು ಅರ್ಧ ರೋಣವೇ ಕೂಡಿತ್ತು ಎಂದು ಬರೆಯುವ ಆಸೆ ನನಗಿದೆ. ಕೂಡಿದ್ದವರು ಚಹಾದಂಗಡಿಯವನು, ಅವನ ಆಡು ಮತ್ತು ನಾನು.

ನಾನು ಆ ಕಚೇರಿಯ ಉಮೇದವಾರ. ಪಗಾರವಿಲ್ಲದೆ ದುಡಿಯುತ್ತ, ಎಂದಾದರೂ ಕಾರಕೂನನಾದೇನು ಎಂಬ ಉಮೇದಿಯಲ್ಲಿ ಬದುಕುವವನಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಯಾವ ಕಚೇರಿ ಎಂದು ಬರೆದರೆ ಇದ್ದ ಉಮೇದಿಯೂ ಹೋಗುತ್ತದೆ. ರೋಣದ ಒಂದು ಕಚೇರಿ ಎಂದಷ್ಟೇ ತಿಳಿಯಿರಿ. ನನಗೆ ಹದಿನೇಳು ವಯಸ್ಸು, ಮ್ಯಾಟ್ರಿಕ್ ಪಾಸು. ಗದಗಿನಿಂದ ಈಚೆಗೆ ನನ್ನಷ್ಟು ಇಂಗ್ಲಿಷ್ ಮಾತಾಡುವವರು ಇನ್ನೊಬ್ಬರಿಲ್ಲ ಎಂಬ ಸುದ್ದಿ ಊರಲ್ಲಿತ್ತು. ಹಬ್ಬಿಸಿದವನು ನಾನೇ. ಅದು ನಮ್ಮ ಅವಲ್ ಕಾರಕೂನರ, ಅಂದರೆ ಹಿರಿಯ ಗುಮಾಸ್ತರ ಕಿವಿಗೂ ಬಿದ್ದಿತ್ತು.

"ಏ ಉಮೇದವಾರ, ಬಾ ಇಲ್ಲೆ. ಈ ಪ್ರಾಣಿ ಏನಂತದ ಕೇಳು," ಎಂದರು ಅವರು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ.

ಪೊಲೀಸಪ್ಪ ನರಗುಂದದವರ ಪತ್ರ ಕೊಟ್ಟ. ಅದರ ಸಾರಾಂಶ ಇಷ್ಟು: ಈ ಪರದೇಶಿ ಗುಡ್ಡದ ಕೋಟೆಯ ಮೇಲೆ ಕೂತು ಸುಮ್ಮನೆ ಕೆಳಗೆ ನೋಡುತ್ತಿದ್ದ. ವಿಚಾರಿಸಿದಾಗ ಗಜೇಂದ್ರಗಡಕ್ಕೆ ಹೋಗಬೇಕು ಎಂದ. ಗಜೇಂದ್ರಗಡ ನಿಮ್ಮ ಕಡೆ ಬರುತ್ತದೆ. ಆದ್ದರಿಂದ ಇವನೂ ನಿಮ್ಮ ಕಡೆ ಬಂದಿದ್ದಾನೆ.

ಪತ್ರದ ಜೊತೆಗೆ ಅವನ ಪಾಸಪೋರ್ಟು. ರಟ್ಟಿನ ಹೊದಿಕೆಯ ಸಣ್ಣ ಪುಸ್ತಕ, ಒಳಗೆ ಫೋಟೋ, ಎತ್ತರ, ಕಣ್ಣಿನ ಬಣ್ಣ, ಎಲ್ಲವೂ ಸರಿಯಾಗಿತ್ತು. 'ದೇಶ' ಎಂಬಲ್ಲಿ ಮಾತ್ರ 'ಜಗತ್ತು' ಎಂದು ಅಚ್ಚಾಗಿತ್ತು.

"ಜಗತ್ತು? ಅದು ಯಾವ ಜಿಲ್ಲಾದಾಗ ಬರ್ತದ?"

ನಾನು ಕೇಳಿದೆ. ಪರದೇಶಿ ಒಂದೆರಡು ಮಾತು ಹೇಳಿದ. ನಾನು ಅದಕ್ಕೆ ಉಪ್ಪು ಖಾರ ಹಚ್ಚಿ ಹೇಳಿದೆ. ರಾಜಮಹಾರಾಜರೆಲ್ಲ ಕೂಡಿ ಸಭೆ ಮಾಡಿದ್ದು, ಭೂಮಿಯೆಲ್ಲ ಒಂದೇ ಸಂಸ್ಥಾನವೆಂದು ಡಂಗುರ ಸಾರಿದ್ದು, ಈತನೇ ಅದರ ಮೊದಲ ಪ್ರಜೆಯಾಗಿ ಮೆರವಣಿಗೆ ಹೋದದ್ದು.

"ಅಂವ ಎರಡ ಮಾತು ಅಂದ, ನೀ ಹರಿಕಥಿ ಹೇಳಿದಿ," ಎಂದರು ಅವಲ್ ಕಾರಕೂನರು. "ಅಂವ ಅಂದಷ್ಟ ಹೇಳು."

"ಅವರ ದೇಶ ಈಗಿಲ್ಲಂತ್ರಿ, ರಾಯರ. ಲಡಾಯಿ ಮುಗದ ಮ್ಯಾಲೆ ಅವರ ಊರು ಬ್ಯಾರೇದವರ ಪಾಲಾತಂತ. ಹೊಸಾ ಸರ್ಕಾರದವರು ನೀ ನಮ್ಮಾಂವ ಅಲ್ಲ ಅಂದ್ರಂತ. ಹಳೇ ಸರ್ಕಾರನ ಇಲ್ಲ. ಅದಕ್ಕ ಯಾರೋ ಒಂದಿಷ್ಟು ಮಂದಿ ಕೂಡಿ ಈ ಪುಸ್ತಕ ಅಚ್ಚ ಹಾಕಿಸಿ ಕೊಟ್ಟಾರಂತ್ರಿ."

"ಯಾರೋ ಅಂದ್ರ? ಸರ್ಕಾರ ಅಲ್ಲ?"

"ಅಲ್ಲಂತ್ರಿ. ಮಂದಿ."

ಅವಲ್ ಕಾರಕೂನರು ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ಹಾಳೆ ತಿರುವಿದರು. ಒಂದೂ ಶಿಕ್ಕಾ ಇರಲಿಲ್ಲ. ಶಿಕ್ಕಾ ಅಂದರೆ ಸರ್ಕಾರಿ ಮುದ್ರೆ. ನಮ್ಮ ಕಚೇರಿಯಲ್ಲಿ ಅದಿಲ್ಲದ ಕಾಗದ ಪುಡಿಕೆ ಕಟ್ಟಲಿಕ್ಕೆ ಮಾತ್ರ ಲಾಯಕ್ಕು. ಪುಸ್ತಕದ ನಡುವೆ ಒಂದು ಬಿಡಿ ಚೀಟಿ ಸಿಕ್ಕಿತು. ಮುಂಬಯಿಯಲ್ಲಿ ಹಡಗಿನಿಂದ ಇಳಿಸಿಕೊಂಡ ಅಧಿಕಾರಿ ಪುಸ್ತಕವನ್ನು ಮುಟ್ಟದೆ, ಈ ಚೀಟಿಯ ಮೇಲೆ ಶಿಕ್ಕಾ ಒತ್ತಿ, ಇಂತಿಷ್ಟು ದಿನ ಇರಬಹುದೆಂದು ಬರೆದುಕೊಟ್ಟಿದ್ದ. ಪುಸ್ತಕಕ್ಕೆ ಒತ್ತಿದರೆ ಪುಸ್ತಕವನ್ನು ಒಪ್ಪಿದಂತೆ. ಚೀಟಿಗೆ ಒತ್ತಿದರೆ ಮನುಷ್ಯನನ್ನು ಇಳಿಸಿಕೊಂಡಂತೆ ಅಷ್ಟೇ.

"ಶಾಣ್ಯಾ ಇದ್ದಾನ ಅಂವ," ಎಂದು ಅವಲ್ ಕಾರಕೂನರು ಕಾಣದ ಆ ಅಧಿಕಾರಿಗೆ ತಲೆದೂಗಿದರು. ಆಮೇಲೆ ಮೊದಲ ಹಾಳೆಯಲ್ಲಿ ಅಚ್ಚಾಗಿದ್ದ ವಾಕ್ಯವನ್ನು ನನ್ನಿಂದ ಓದಿಸಿದರು. ಯಾವ ಮನುಷ್ಯನಾದರೂ ಯಾವ ದೇಶವನ್ನಾದರೂ ಬಿಟ್ಟು ಹೋಗಬಹುದು, ತನ್ನ ದೇಶಕ್ಕೆ ತಿರುಗಿ ಬರಬಹುದು ಎಂದಿತ್ತು.

"ಬಿಟ್ಟ ಹೋಗಬಹುದು ಅಂತ ಬರದದ. ಇನ್ನೊಬ್ಬರ ದೇಶದಾಗ ಒಳಗ ಬರಬಹುದು ಅಂತ ಎಲ್ಲೆ ಬರದದ? ಕೇಳು ಅವಗ."

ಕೇಳಿದೆ. ಪರದೇಶಿ, "ಎಲ್ಲಿಯೂ ಬರೆದಿಲ್ಲ," ಎಂದ.

ಅವನು ಮುಂದೆ ಹೇಳಿದ್ದನ್ನು ನಾನು ಹಿಗ್ಗಿಸಲಿಲ್ಲ. ಹಿಗ್ಗಿಸಲು ಅದರಲ್ಲಿ ಹಿಡಿಕೆಯೇ ಇರಲಿಲ್ಲ. ಎಲ್ಲ ಕಡೆಯೂ ಅಧಿಕಾರಿಗಳು ಮೊದಲು ಹಾಳೆ ತಿರುವಿ, ಬೇರೆ ಯಾರಾದರೂ ಶಿಕ್ಕಾ ಒತ್ತಿದ್ದಾರೆಯೇ ಎಂದು ನೋಡುತ್ತಾರೆ. ಯಾರೂ ಒತ್ತಿಲ್ಲವೆಂದರೆ ತಾವೂ ಒತ್ತುವುದಿಲ್ಲ. ಯಾವುದಾದರೂ ಸರ್ಕಾರದ ಒಂದು ಶಿಕ್ಕಾ ಬಿದ್ದರೆ ಎರಡನೆಯವನಿಗೆ ಧೈರ್ಯ ಬರುತ್ತದೆ. ಬೀಳದಿದ್ದರೆ ಚೀಟಿಯ ಮುದ್ದತು ತೀರಿದ ದಿನ ಹಡಗು ಹತ್ತಿಸುತ್ತಾರೆ. ಮುಂದಿನ ಬಂದರಿನವರು ಇಳಿಸಿಕೊಳ್ಳುವುದಿಲ್ಲ. ಹಿಂದೊಮ್ಮೆ ಹಾಗೆ ಹಡಗಿನಲ್ಲೇ ಉಳಿದಿದ್ದನಂತೆ, ದಂಡೆಗೆ ಹೋಗಿ ಬರುವ ನಾವಿಕರ ಬೂಟಿನ ಮಣ್ಣು ನೋಡುತ್ತ.

ಇದನ್ನೆಲ್ಲ ಅವನು ಬಸ್ಸಿನ ವೇಳಾಪಟ್ಟಿ ಓದುವಂತೆ ಹೇಳಿದ. ಆ ದನಿ ನನಗೆ ಗೊತ್ತಿತ್ತು. ಹೊಳೆಮಣ್ಣೂರಿನಲ್ಲಿ ನಮ್ಮ ಮನೆ ಮಲಪ್ರಭೆಗೆ ಹೋದ ಮೇಲೆ ನಾವು ರೋಣಕ್ಕೆ ಬಂದು ಅತ್ತೆಯ ಮನೆಯ ಪಡಸಾಲೆ ಸೇರಿದ್ದೆವು. ಮನೆ ಕಟ್ಟಲು ಜಾಗ ಕೊಡಿರೆಂದು ಕೇಳಲು ಅಪ್ಪ ಕಚೇರಿಗಳಿಗೆ ಅಲೆದ. "ಮನಿ ಹ್ವಾತ್ರಿ" ಎಂದು ಮೊದಲು ಅಳುತ್ತ ಹೇಳುತ್ತಿದ್ದ. ಆಮೇಲೆ ಸಿಟ್ಟಿನಿಂದ ಹೇಳಿದ. ಕೊನೆಗೆ ಜೋಳದ ಧಾರಣೆ ಹೇಳಿದಂತೆ ಹೇಳತೊಡಗಿದ. ನಮ್ಮೂರ ಗೌಡರು ಬಂದು, "ಇಂವ ನಮ್ಮಾಂವ, ನಾ ಬಲ್ಲೆ" ಎಂದು ಸಹಿ ಮಾಡಿದ ಮೇಲೆಯೇ ಸರ್ಕಾರದ ಲೆಕ್ಕದಲ್ಲಿ ನಮ್ಮಪ್ಪ ನಮ್ಮಪ್ಪನಾದ. ನಾನು ನಗೆಚಾಟಿಕೆ ಶುರು ಮಾಡಿದ್ದೂ ಆಗಲೇ. ಜೋಮು ಹಿಡಿದ ಕಾಲನ್ನು ಕುಣಿಸಿ ನೋಡುತ್ತಾರಲ್ಲ, ಹಾಗೆ.

ಆದ್ದರಿಂದ ನಾನೇ ಬಾಯಿ ಹಾಕಿದೆ. "ರಾಯರ, ಪುಸ್ತಕಕ್ಕ ಶಿಕ್ಕಾ ಇಲ್ಲ, ಖರೇ. ಮನಶ್ಯಾನ ಗುರ್ತ ಹೇಳಾವ್ರು ಸಿಕ್ಕರ?"

ನಮ್ಮ ಕಡೆ ಕಾಗದವಿಲ್ಲದವನಿಗೂ ಒಂದು ದಾರಿ ಉಂಟು. ಸಂತೆಯಲ್ಲಿ ಎತ್ತು ಮಾರುವವನಿರಲಿ, ಕಚೇರಿಯಲ್ಲಿ ಹೊಲ ಬರೆದುಕೊಡುವವನಿರಲಿ, ಊರಲ್ಲಿ ನೆಲೆಯಿರುವ ಒಬ್ಬರು ಪಕ್ಕದಲ್ಲಿ ನಿಂತು ಗುರುತು ಹೇಳಿದರೆ ಮುಗಿಯಿತು. ಎತ್ತು ಕದ್ದದ್ದೆಂದು ಗೊತ್ತಾದರೆ ಗುರುತು ಹೇಳಿದವನ ಮೂಗು ಹೋಗುತ್ತದೆ. ಹಾಗಾಗಿ ಯಾರೂ ಸುಮ್ಮಸುಮ್ಮನೆ ಹೇಳುವುದಿಲ್ಲ.

"ಈ ಕೆಂಪ ಮಾರಿಗೆ ಇಲ್ಲೆ ಯಾರು ಗುರ್ತ ಹೇಳ್ತಾರಪಾ?"

ಪರದೇಶಿಯನ್ನು ಕೇಳಿದರೆ ಉತ್ತರ ತಯಾರಿತ್ತು. ಗಜೇಂದ್ರಗಡದ ಒಬ್ಬ ನೇಕಾರ. ಪಲ್ಟಣಿಗೆ ಸೇರಿ ಲಡಾಯಿಗೆ ಹೋಗಿ ಸೆರೆ ಸಿಕ್ಕವನು. ಇಬ್ಬರೂ ಒಂದೇ ಸೆರೆಮನೆಯ ಬಯಲಲ್ಲಿ, ಒಂದೇ ಹಾಸಿಗೆಯಲ್ಲಿ ಇದ್ದರಂತೆ. 'ನಮ್ಮೂರಿಗೆ ಬಾ, ಅಲ್ಲಿ ಯಾರೂ ನಿನ್ನ ಕಾಗದ ಕೇಳುವುದಿಲ್ಲ' ಎಂದು ಆ ನೇಕಾರ ಕರೆದಿದ್ದನಂತೆ.

"ಕಾಗದ ಕೇಳೂದಿಲ್ಲಂತ!" ಎಂದು ಅವಲ್ ಕಾರಕೂನರು ಸುತ್ತಲಿನ ಕಪಾಟುಗಳನ್ನು ಒಮ್ಮೆ ನೋಡಿದರು. "ನಾವೇನ ಇಲ್ಲೆ ಹುರಗಡ್ಲಿ ತಿನ್ನಲಿಕ್ಕೆ ಕೂತೇವೇನು?"

ಆದರೂ ಕಚೇರಿಯ ಮುಖ್ಯಸ್ಥರಾದ ಸಾಹೇಬರ ಹುಕುಮು ಬಂತು: ಗಜೇಂದ್ರಗಡಕ್ಕೆ ಹೋಗಿ ಗುರುತಿನ ಜಬಾನಿ, ಅಂದರೆ ಹೇಳಿಕೆ, ಬರೆದುಕೊಂಡು ಬರುವುದು. ನನ್ನ ಭಾಷಾಂತರದ ಮೇಲೆ ಭರವಸೆ ಇಲ್ಲದ್ದರಿಂದ ಅವಲ್ ಕಾರಕೂನರೂ ಹೊರಟರು. ಬಸ್ಸಿನಲ್ಲಿ ಅವರು, ಅವರ ಕೊಡೆ, ಪರದೇಶಿ, ನಾನು. ಅವನು ಯಾವ ರಾಜನೆಂದು ಕಂಡಕ್ಟರ್ ಕೇಳಿದ. ರಾಜನಲ್ಲ, ರಾಜರಿಗೆ ಸಾಲ ಕೊಡುವವನು ಎಂದೆ. ರೋಣ ದಾಟುವುದರೊಳಗೆ ಬಸ್ಸಿನವರೆಲ್ಲ ಅವನಿಗೆ ಜಾಗ ಬಿಟ್ಟು ನಿಂತಿದ್ದರು. ಅವಲ್ ಕಾರಕೂನರಿಗೆ ಮಾತ್ರ ಯಾರೂ ಜಾಗ ಕೊಡಲಿಲ್ಲ.

ನೇಕಾರನ ಮನೆ ಗುಡ್ಡದ ಬುಡದ ಓಣಿಯಲ್ಲಿತ್ತು. ಒಳಗೆ ಮಗ್ಗದ ಸಪ್ಪಳ. ನಾವು ಬಾಗಿಲಲ್ಲಿ ನಿಂತಾಗ ಸಪ್ಪಳ ನಿಂತು, ಮಗ್ಗದ ಕುಣಿಯೊಳಗಿನಿಂದ ಒಬ್ಬ ಹೆಣ್ಣುಮಗಳು ಎದ್ದು ಬಂದಳು. ಹಣೆಯ ಮೇಲೆ ಕುಂಕುಮವಿರಲಿಲ್ಲ. ಪರದೇಶಿಗೆ ಆ ಬರಿಯ ಹಣೆಯ ಅರ್ಥ ಯಾರು ಹೇಳಿಕೊಟ್ಟಿದ್ದರೋ, ನಾನು ಬಾಯಿ ತೆರೆಯುವ ಮೊದಲೇ ಅವನು ಕಟ್ಟೆಯ ಮೇಲೆ ಕೂತುಬಿಟ್ಟ. ಯಾವಾಗ, ಎಂದಷ್ಟೇ ಕೇಳಿದ.

"ಹೋದ ಸುಗ್ಗಿಗೆ," ಎಂದಳು ಆಕೆ. "ಎದಿಯಾಗ ಕಫ ಕಟ್ಟಿತ್ತು. ಅಲ್ಲಿಂದನ ತಂದದ್ದು ಅದು."

ಅವಲ್ ಕಾರಕೂನರು ಕೊಡೆ ಎತ್ತಿಕೊಂಡರು. "ಮುಗೀತಲ್ಲ. ಗುರ್ತ ಹೇಳಾಂವನ ಇಲ್ಲ. ನಡೀ, ತಿರುಗಿ ಹೋಗೋ ಬಸ್ಸು ತಪ್ಪೀತು."

"ನಿಂದರ್ರಿ, ರಾಯರ," ಎಂದಳು ಆಕೆ. "ಲಡಾಯಿಯಿಂದ ಬಂದಾಗಿಂದ ನಮ್ಮನಿಯಾವ್ರು ಇಂವನ ಸುದ್ದೀನ ಹೇಳೀ ಹೇಳೀ ನನ್ನ ಕಿವಿ ತೂತ ಬೀಳಿಸ್ಯಾರ. ಅಂವನ ಹೌದೋ ಅಲ್ಲೋ ನಾ ನೋಡ್ತೇನಿ."

ಒಳಗೆ ಹೋಗಿ ಒಂದು ರೊಟ್ಟಿ, ಅದರ ಮೇಲೆ ಕೆಂಪು ಚಟ್ನಿ ತಂದು ಅವನ ಮುಂದಿಟ್ಟಳು. ಅವನು ಎಡಗೈಯಿಂದ ಮುರಿದ.

"ಹೂಂ, ಎಡಚ ಹೌದು. ನಮ್ಮನಿಯಾವ್ರು ಅದಕ್ಕ ದಿನಾ ಬೈತಿದ್ರಂತ." ಮತ್ತೆ ನನ್ನ ಕಡೆ ತಿರುಗಿ, "ತಮ್ಮಾ, ಕೇಳು ಅವಗ, ನಮ್ಮ ಮನಿಯೊಳಗ ಬೆಳಕಿಂಡಿ ಯಾವ ಕಡಿಗೆ ಐತಿ?"

ಅವನು ಒಳಗೆ ನೋಡದೆ, ಮಗ್ಗದ ಬಲಕ್ಕೆ ಎಂದ. ಹಿಂದಿನ ಗೋಡೆಯಾಚೆ ಬೇವಿನ ಮರ ಇದೆ, ಅದರ ಕಸ ಪಕ್ಕದ ಮನೆಯವರ ಅಂಗಳಕ್ಕೆ ಬಿದ್ದು ಜಗಳವಾಗುತ್ತದೆ ಎಂದ. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, "ಬರೋಬ್ಬರಿ ಹೇಳಿದ ನೋಡ್ರಿ! ಪರದೇಶದ ತನಕ ಸುದ್ದಿ ಹೋಗೇತಿ, ಇವರಿಗಿನ್ನೂ ಟೊಂಗಿ ಕಡಿಸೂದಾಗಿಲ್ಲ," ಎಂದಳು.

ಅವಲ್ ಕಾರಕೂನರೂ ನಕ್ಕುಬಿಟ್ಟರು. ಆಕೆ ನಗಲಿಲ್ಲ. ಕೊನೆಯದಾಗಿ ಕೇಳಿದಳು, "ನಮ್ಮನಿಯಾವ್ರು ನಿದ್ದಿಯಾಗ ಏನಂತ ಒದರತಿದ್ರು?"

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಉತ್ತರಕ್ಕೆ ಇಂಗ್ಲಿಷ್ ಬಳಸಲಿಲ್ಲ. ಕಣ್ಣು ಮುಚ್ಚಿ, ಬಾಯೊಳಗೆ ಬಿಸಿ ಬದನೆಕಾಯಿ ಇಟ್ಟುಕೊಂಡವನಂತೆ, ಕನ್ನಡದಲ್ಲಿ ಹೇಳಿದ: "ಎಳಿ ಹರೀತು. ಎಳಿ ಹರೀತು."

ಅದರ ಅರ್ಥ ಅವನಿಗೆ ಗೊತ್ತಿರಲಿಲ್ಲ. ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡಿದ್ದನಂತೆ. ಮಗ್ಗದ ನೂಲು ತುಂಡಾದಾಗ ಕೂಗುವ ಮಾತದು ಎಂದು ನಾನು ತಿಳಿಸಿದೆ. ಅವನು ತಲೆಯಾಡಿಸಿ ರೊಟ್ಟಿಯನ್ನೇ ನೋಡುತ್ತ ಕೂತ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, "ಬರಕೋರ್ರಿ, ರಾಯರ," ಎಂದಳು.

"ನೀ ಇವನ್ನ ಈ ಮೊದಲ ಕಂಡೀಯೇನು?"

"ಇಲ್ಲರಿ."

"ಮತ್ತ ಗುರ್ತ ಹ್ಯಾಂಗ ಹೇಳ್ತಿ? ಕಂಡಿರಬೇಕಲ್ಲ?"

"ಕಂಡಾವ್ರೆಲ್ಲ ಬಲ್ಲವರೇನ್ರಿ? ನನ್ನ ಈಗ ಕಂಡೀರಿ. ಬಲ್ಲೀರೇನು?"

ಅವಲ್ ಕಾರಕೂನರು ಲೇಖಣಿಯ ತುದಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬರೆದರು. ಆಕೆ ಹೇಳಿದ್ದನ್ನೇ ಬರೆದರು, ಒಂದಕ್ಷರ ಹೆಚ್ಚಿಲ್ಲ: ಕಂಡಿಲ್ಲ, ಬಲ್ಲೆ. ಆಕೆ ಹೆಬ್ಬೆಟ್ಟು ಒತ್ತಿದಳು. ಪುಸ್ತಕವನ್ನು ಕಚೇರಿಯ ಕಪಾಟಿನಲ್ಲಿ ಇಟ್ಟುಕೊಳ್ಳುವುದು, ಮೇಲಿನವರ ಉತ್ತರ ಬರುವ ತನಕ ಮನುಷ್ಯ ಗಜೇಂದ್ರಗಡದಲ್ಲಿ ಇರುವುದು ಎಂದು ಸಾಹೇಬರು ಒಪ್ಪಿದರು. ಪಕ್ಕದ ಮನೆಯ ಕಟ್ಟೆಯಲ್ಲಿ ಮಲಗುವ ವ್ಯವಸ್ಥೆಯಾಯಿತು. ಬೇವಿನ ಕಸದ ಜಗಳ ಆವತ್ತಿನ ಮಟ್ಟಿಗೆ ನಿಂತಿತು.

ಕಾಗದಗಳು ಮೇಲೆ ಹೋದವು. ನಡುವೆ ಎರಡು ಬಾರಿ ಕೆಲಸದ ನೆವ ಮಾಡಿ ಅವನನ್ನು ನೋಡಲು ಹೋಗಿದ್ದೆ. ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ, ಎಡಗೈಯಿಂದ; ಸುತ್ತಿದ್ದೆಲ್ಲ ತಿರುವುಮುರುವು. ಆಕೆ ಬೈಯುತ್ತ ಬಿಚ್ಚಿ ಮತ್ತೆ ಸುತ್ತುತ್ತಿದ್ದಳು. ಓಣಿಯವರು ಅವನಿಗೆ ಜಗತ್ತಪ್ಪ ಎಂದು ಹೆಸರಿಟ್ಟಿದ್ದರು. ಅವನು ನಗುತ್ತಿದ್ದ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಮನೆಯೊಳಗೆ ಮಗ್ಗ ಬಡಿಯುತ್ತಿರುವಷ್ಟು ಹೊತ್ತು ಜಾಗ ಬಿಟ್ಟು ಏಳುತ್ತಿರಲಿಲ್ಲ.

ಇತ್ತ ಕಪಾಟಿನಿಂದ ಪುಸ್ತಕ ತೆಗೆದು ಖಾಲಿ ಹಾಳೆಗಳನ್ನು ತಿರುವಿ ನೋಡುವುದು ಅವಲ್ ಕಾರಕೂನರ ಮಧ್ಯಾಹ್ನದ ಚಟವಾಯಿತು. "ಎಲ್ಲಾರೂ ಇನ್ನೊಬ್ಬಾಂವ ಮೊದಲ ಒತ್ತಲಿ ಅಂತಾರ," ಎಂದು ಒಮ್ಮೆ ತಮ್ಮಷ್ಟಕ್ಕೇ ಅಂದರು.

ಉತ್ತರ ಬಂದದ್ದು ಒಂದು ಪಾರ್ಸೆಲ್ಲಿನ ಜೊತೆಗೆ. ಸದರಿ ಪುಸ್ತಕಕ್ಕೆ ಮಾನ್ಯತೆ ಇಲ್ಲ. ಗುರುತು ಸಿಕ್ಕಿದ್ದು ಮನುಷ್ಯನದು, ಪುಸ್ತಕದ್ದಲ್ಲ. ಚೀಟಿಯ ಮುದ್ದತು ತೀರುವ ಮೊದಲು ಪುಸ್ತಕ ಸಮೇತ ಮುಂಬಯಿಗೆ ಕಳಿಸತಕ್ಕದ್ದು. ಇಷ್ಟೇ.

ಪಾರ್ಸೆಲ್ಲಿನಲ್ಲಿ ನಮ್ಮ ಹೊಸ ಶಿಕ್ಕಾ ಇತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ರೋಣ ಮುಂಬಯಿ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದಿತ್ತು. ಊರು ಒಂದು ಗೇಣೂ ಸರಿಯದೆ ರಾಜ್ಯವೇ ಬದಲಾಗಿತ್ತು. ಹೊಸ ಶಿಕ್ಕಾ ಬರುವ ತನಕ ನಾವು ಹಳೆಯದನ್ನೇ ಒತ್ತುತ್ತ, ಅದರಲ್ಲಿನ 'ಮುಂಬಯಿ ರಾಜ್ಯ' ಎಂಬುದನ್ನು ಕೈಯಿಂದ ಗೀಟು ಹಾಕಿ ಹೊಡೆದುಹಾಕುತ್ತಿದ್ದೆವು. ಆ ಗೀಟು ಹಾಕುವ ಅಧಿಕಾರ ನನ್ನದು. ಒಂದು ರಾಜ್ಯವನ್ನು ದಿನಕ್ಕೆ ಇಷ್ಟು ಸಲ ಅಳಿಸಿದವನು ಇತಿಹಾಸದಲ್ಲಿ ಇನ್ನೊಬ್ಬನಿಲ್ಲ. ಈಗ ಹಳೆಯದನ್ನು ಇಬ್ಬರು ಪಂಚರ ಮುಂದೆ, ಕೊನೆಯ ನಮೂನೆ ತೆಗೆದುಕೊಂಡು, ನಾಶ ಮಾಡಿ, ಪಂಚನಾಮೆ ಕಳಿಸತಕ್ಕದ್ದು ಎಂದು ಹುಕುಮು.

ಎರಡೂ ಕೆಲಸ ಒಂದೇ ಮುಂಜಾನೆಗೆ ಬಿದ್ದವು. ಪರದೇಶಿ ಪುಸ್ತಕ ತೆಗೆದುಕೊಳ್ಳಲು ಬಂದ. ನೇಕಾರನ ಮನೆಯಾಕೆಯೂ ರೊಟ್ಟಿಯ ಗಂಟು ಹಿಡಿದು ಜೊತೆಗೆ ಬಂದಿದ್ದಳು. ಪಂಚರೆಂದರೆ ಚಹಾದಂಗಡಿಯವನು ಮತ್ತು ಬಸ್ಸಿನ ಏಜೆಂಟ. ನಮ್ಮ ಜವಾನ ಪಟ್ಟೇವಾಲಾ ಬಾಚಿ ಹಿಡಿದು ನಿಂತಿದ್ದ, ಕುರಿ ಕೊಯ್ಯುವವನ ಗತ್ತಿನಲ್ಲಿ. ಮಸಿಯ ಪ್ಯಾಡು ನನ್ನ ಕೈಯಲ್ಲಿತ್ತು.

ಅವಲ್ ಕಾರಕೂನರು ಹಳೆಯ ಶಿಕ್ಕಾವನ್ನು ಮಸಿಗೆ ಅದ್ದಿ ಪಂಚನಾಮೆಯ ಕಾಗದದ ಮೇಲೆ ಒತ್ತಿದರು. ನೋಡಿದರು. "ತಿಳಿಯಾಗಿ ಮೂಡಿಲ್ಲ. ಇನ್ನೊಂದ ನಮೂನಿ ಬೇಕು."

ನನಗಂತೂ ಅದು ಸೂರ್ಯನಷ್ಟು ತಿಳಿಯಾಗಿ ಕಂಡಿತ್ತು. ನಾನು ಬಿಳಿಯ ಕಾಗದ ಹುಡುಕುವಷ್ಟರಲ್ಲಿ ಅವರು ಪಕ್ಕದಲ್ಲಿದ್ದ ಪುಸ್ತಕ ತೆರೆದು, ಮೊದಲ ಖಾಲಿ ಹಾಳೆಯ ನಟ್ಟನಡುವೆ ಒತ್ತಿದರು. ಗಟ್ಟಿಯಾಗಿ, ಮೇಜು ಅದುರುವಂತೆ. ಕೆಳಗೆ ಕನ್ನಡದಲ್ಲಿ 'ರದ್ದಾದ ಶಿಕ್ಕಾದ ಕೊನೆಯ ನಮೂನೆ' ಎಂದು ಬರೆದು ಸಹಿ ಹಾಕಿ ತಾರೀಖು ನಮೂದಿಸಿದರು. 'ಮುಂಬಯಿ ರಾಜ್ಯ'ಕ್ಕೆ ಗೀಟು ಹಾಕಲು ನಾನು ಅಭ್ಯಾಸಬಲದಿಂದ ಕೈ ಚಾಚಿದೆ. ಅವರು ನನ್ನ ಕೈ ಮೇಲೆ ಒಂದು ಕೊಟ್ಟರು.

"ರಾಯರ, ಇದು..."

"ನಮೂನಿ ಅದನಪಾ. ಓದಲಿಕ್ಕೆ ಬರ್ತದಲ್ಲ ನಿನಗ? ಖರೇನ ಬರದೇನಿ. ಇದನ್ನ ಒತ್ತಿದ ರಾಜ್ಯದಾಗ ಈ ಕಚೇರಿ ಈಗಿಲ್ಲ. ಒತ್ತಿಸಿಕೊಂಡ ದೇಶ ಇನ್ನೂ ಹುಟ್ಟಿಲ್ಲ. ಯಾರ ಮ್ಯಾಲೆ ಯಾರು ಫಿರ್ಯಾದಿ ಹೂಡ್ತಾರ?" ಆಮೇಲೆ ಪಟ್ಟೇವಾಲಾನ ಕಡೆ ತಿರುಗಿ, "ಏನ ನೋಡ್ತಿ? ಕಡಿ!" ಎಂದರು.

ಬಾಚಿ ಬಿತ್ತು. ರಬ್ಬರು ಹಾರಿ ಚಹಾದಂಗಡಿಯವನ ಲೋಟದೊಳಗೆ ಬಿತ್ತು.

ಪರದೇಶಿ ಆ ಹಾಳೆಯನ್ನೇ ನೋಡುತ್ತಿದ್ದ. ಇಂಗ್ಲಿಷಿನಲ್ಲಿದ್ದ ಶಿಕ್ಕಾದ ಅಕ್ಷರಗಳನ್ನು ಬೆರಳಿಂದ ಮುಟ್ಟದೆ, ಮೇಲಿನಿಂದಲೇ ಗೆರೆ ಎಳೆದಂತೆ ಓದಿದ. ಆಮೇಲೆ ಕೆಳಗಿನ ಕನ್ನಡದ ಸಾಲನ್ನು ತೋರಿಸಿ, ಏನು ಬರೆದಿದ್ದಾರೆ ಎಂದು ನನ್ನನ್ನು ಕೇಳಿದ.

ಅವಲ್ ಕಾರಕೂನರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಅಂವ ಅಂದಷ್ಟ ಹೇಳು ಎಂದು ಮೊದಲ ದಿನ ಗದರಿಸಿದವರು, ಆವತ್ತು ನನ್ನ ಕಡೆ ನೋಡಲೇ ಇಲ್ಲ.

ಒಂದು ಮಾತಿಗೆ ಹತ್ತು ಸೇರಿಸುವ ನಾನು ಆ ಸಾಲಿನ ಬದಲು ಇನ್ನೊಂದು ಸಾಲು ಹೇಳಿದೆ. "ನೀನು ಇಲ್ಲಿಗೆ ಬಂದಿದ್ದೆ ಎಂದು ಬರೆದಿದ್ದಾರೆ."

ಅವನು ಪುಸ್ತಕ ಮುಚ್ಚಿ ಅಂಗಿಯೊಳಗೆ ಇಟ್ಟುಕೊಂಡ. ಮುಖದಲ್ಲಿ ಏನೂ ಬದಲಾಗಲಿಲ್ಲ. ಆಕೆಯ ಗಂಟನ್ನು ಎಡಗೈಯಲ್ಲಿ ತೆಗೆದುಕೊಂಡ, ಆಕೆ ಬೈಯಲಿಲ್ಲ. ಗದಗಿನ ಬಸ್ಸು ಬಂತು. ಈ ಸಲ ಪೊಲೀಸಪ್ಪ ಅವನನ್ನು ಒಳಗೆ, ಕಿಟಕಿಯ ಪಕ್ಕ ಕೂರಿಸಿ, ಲಾಠಿಯನ್ನು ಕಾಲ ಕೆಳಗೆ ಇಟ್ಟುಕೊಂಡ.

ಧೂಳು ಕೂರುವ ತನಕ ಆಕೆ ಅಲ್ಲೇ ನಿಂತಿದ್ದಳು. ಆಮೇಲೆ ಕೇಳಿದಳು, "ಆ ಶಿಕ್ಕಾ ನಡೀತೈತೇನೋ, ತಮ್ಮಾ, ಮುಂಬೈಯಾಗ?"

"ನಡೀಬಹುದು, ಅಕ್ಕಾ. ಅವರದ ರಾಜ್ಯದ ಹೆಸರೈತಿ ಅದರಾಗ."

"ನಡೀಲಿಲ್ಲಂದ್ರ? ಅಲ್ಲಿ ಗುರ್ತ ಹೇಳಾವ್ರು ಯಾರದಾರ ಅವಗ?"

ಏನಾದರೂ ಕಟ್ಟಿ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ನನ್ನ ನೇರಳೆ ಬಣ್ಣದ ಬೆರಳುಗಳನ್ನು ನೋಡಿ, ಮಗ್ಗದ ನೂಲು ಮುಟ್ಟಬೇಡ, ಮಸಿ ಹತ್ತುತ್ತದೆ ಎಂದು, ಹತ್ತಿರದಲ್ಲೆಲ್ಲೂ ಇಲ್ಲದ ನೂಲಿಗೆ ಎಚ್ಚರಿಕೆ ಹೇಳಿ ಗಜೇಂದ್ರಗಡದ ಬಸ್ಸಿನ ಕಡೆ ನಡೆದಳು.

ನಾನು ಒಳಗೆ ಹೋದೆ. ಹೊಸ ಶಿಕ್ಕಾದ ಮುಂದೆ ಕಾಗದಗಳ ರಾಶಿ ಕಾಯುತ್ತಿತ್ತು. ಗೀಟು ಹಾಕುವ ಕೆಲಸ ಇನ್ನಿರಲಿಲ್ಲ. ಅವಲ್ ಕಾರಕೂನರು ಒತ್ತುತ್ತ ಹೋದರು, ನಾನು ಪ್ಯಾಡು ಹಿಡಿದು ನಿಂತೆ.